ಹಿತ್ತಲಿನ ವರ್ಕ್‌ಶಾಪ್: ಮೂವರ ನಡುವೆ ಬಿದ್ದುಹೋದ ಎರಡು ಅಡಿ

ಈ ಕೇಸಿನಲ್ಲಿ ಯಾರೂ ಮೋಸ ಮಾಡಲಿಲ್ಲ. ಅದಕ್ಕೇ ಬರೆಯಬೇಕು ಅನ್ನಿಸಿತು. ಅಡ್ವಾನ್ಸ್ ತಗೊಂಡು ನಾಪತ್ತೆಯಾದ ಕಂಟ್ರಾಕ್ಟರ್‌ನ ಕಥೆ ಎಲ್ಲರೂ ಕೇಳಿರುತ್ತಾರೆ. ಇಲ್ಲಿ ಹಾಗಲ್ಲ. ಮೇಸ್ತ್ರಿ ಕೆಲಸ ಬಲ್ಲವರು, ವೆಲ್ಡಿಂಗ್‌ನವರು ಕೆಲಸ ಬಲ್ಲವರು, ಎಲೆಕ್ಟ್ರಿಷಿಯನ್ನೂ ಅಷ್ಟೇ. ಕೆಲಸ ಮಾಡಿಸಿದವರಂತೂ ತಿಂಗಳುಗಟ್ಟಲೆ ಗ್ರಾಫ್ ಹಾಳೆ ಮೇಲೆ ಗೀಚಿ, ಅಳೆದು, ತಯಾರಾಗಿಯೇ ಇಳಿದವರು. ಆದರೂ ಆರು ವಾರದ ಕೆಲಸ ಹದಿನೈದು ವಾರ ಎಳೆಯಿತು.

ನಾನು ಸಣ್ಣಪುಟ್ಟ ಕಟ್ಟಡಗಳ ಸೈಟ್ ನೋಡಿಕೊಳ್ಳುವವನು. ಇವರಿಗೆ ಬರೀ ಪರಿಚಯದವನು. ಗೋಡೆ ಮುಗಿದು, ಮಾತು ನಿಂತುಹೋದ ಮೇಲೆ ನನ್ನನ್ನು ಕರೆದರು. ಅದಕ್ಕೆ ಹಿಂದೆ ನಡೆದದ್ದನ್ನೆಲ್ಲ ಅವರ ಬಾಯಿಂದ, ಅವರ ಹೆಂಡತಿ ಬರೆದಿಟ್ಟಿದ್ದ ಒಂದು ನೋಟ್‌ಬುಕ್ಕಿನಿಂದ ತಿಳಿದುಕೊಂಡೆ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಹಣದ ಮೊತ್ತ ಯಾವುದನ್ನೂ ಹೇಳುವುದಿಲ್ಲ. ಮಾಡಿಸಿದವರನ್ನು ಯಜಮಾನರು ಎನ್ನುತ್ತೇನೆ, ಅವರ ಹೆಂಡತಿಯನ್ನು ಮೇಡಂ. ಕೆಲಸದವರೂ ಹಾಗೇ ಕರೆಯುತ್ತಿದ್ದರು. ಖರ್ಚಿನ ಮಾತು ಬಂದಾಗ ಒಂದು ಕೊಟೇಶನ್ನನ್ನು 100 ಎಂದಿಟ್ಟುಕೊಂಡು ಉಳಿದವನ್ನು ಅದರ ಪಕ್ಕ ಇಟ್ಟು ನೋಡಿದ್ದೇನೆ.

ಹಿನ್ನೆಲೆ

ಯಜಮಾನರು ಕೆಲಸದಿಂದ ನಿವೃತ್ತರಾದವರು. ಮರಗೆಲಸ ಅವರ ಹಳೇ ಹುಚ್ಚು. ಅಲ್ಲಿಯವರೆಗೆ ಕಾರು ನಿಲ್ಲಿಸುವ ಜಾಗದಲ್ಲೇ ನಡೆಯುತ್ತಿತ್ತು. ಪ್ರತಿ ಸಲ ಮೆಷಿನ್ ಹೊರಗೆ ಎಳೆಯಬೇಕು, ಮತ್ತೆ ಒಳಗೆ ತಳ್ಳಬೇಕು. ಮರದ ಹೊಟ್ಟು ಮನೆಯೊಳಗೆಲ್ಲ ಹಾರುತ್ತಿತ್ತು. ಹಿತ್ತಲಲ್ಲಿ ಜಾಗವಿತ್ತು. 12 ಅಡಿ ಅಗಲ, 16 ಅಡಿ ಉದ್ದದ ಒಂದು ಕೋಣೆ, ಕಾಂಕ್ರೀಟ್ ನೆಲ, ಬ್ಲಾಕ್ ಗೋಡೆ, ತಗಡಿನ ಚಾವಣಿ. ಕೇಳಿದ್ದು ಇಷ್ಟೇ.

ಈ ಅಳತೆಗೆ ಅವರು ಬಂದ ದಾರಿ ನನಗೆ ಇಷ್ಟವಾಯಿತು. ಹೆಚ್ಚಿನವರು ಜಾಗ ಎಷ್ಟಿದೆಯೋ ಅಷ್ಟಕ್ಕೂ ಕಟ್ಟಿ, ಆಮೇಲೆ ಮೆಷಿನ್ ತುರುಕುತ್ತಾರೆ. ಇವರು ಹಿತ್ತಲ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಗರಗಸದ ಜಾಗದಲ್ಲಿ ಒಂದು ಸ್ಟೂಲ್ ಇಟ್ಟು, ಪೂರ್ತಿ ಅಳತೆಯ ಒಂದು ಪ್ಲೈವುಡ್ ಶೀಟನ್ನು ಆ ಸ್ಟೂಲಿನ ಮೇಲೆ ತಳ್ಳಿ ನೋಡಿದರು. ಒಂದು ತುದಿ ಯಜಮಾನರ ಕೈಲಿ, ಇನ್ನೊಂದು ಮೇಡಂ ಕೈಲಿ. 8 ಅಡಿ ಉದ್ದದ ಶೀಟು ಕೊಯ್ಯುವ ಮುಂಚೆ ಬ್ಲೇಡಿನ ಈಚೆ 8 ಅಡಿ, ಕೊಯ್ದ ಮೇಲೆ ಆಚೆ 8 ಅಡಿ. ಅಲ್ಲಿಗೇ 16 ಅಡಿ ಮುಗಿಯಿತು. ತಳ್ಳುವ ಮನುಷ್ಯ ನಿಲ್ಲುವುದು ಎಲ್ಲಿ?

ಕೋಣೆ ಉದ್ದ ಮಾಡಲು ಜಾಗವಿರಲಿಲ್ಲ. ಅದಕ್ಕೇ ಬಾಗಿಲನ್ನು ಗರಗಸದ ನೇರಕ್ಕೆ ತಂದರು. ಬ್ಲೇಡಿನಿಂದ ಬಾಗಿಲಿಗೆ 6 ಅಡಿ, ಹಿಂದಿನ ಗೋಡೆಗೆ 10 ಅಡಿ. ಶೀಟು ಕೊಯ್ದು ಮುಗಿಯುವಾಗ ಅದರ ತುದಿ ತೆರೆದ ಬಾಗಿಲಿಂದ 2 ಅಡಿ ಹೊರಗೆ ಬರುತ್ತದೆ, ಬರಲಿ. ಎರಡು ಬಾಗಿಲ ರೆಕ್ಕೆ, ಒಟ್ಟು 5 ಅಡಿ ಅಗಲ. ಒಂದು ಸಂಜೆಯ ಈ ಆಟದಿಂದ ಮುಂದಿನ ಹತ್ತು ವರ್ಷದ ಪರದಾಟ ತಪ್ಪಿತು.

ಅನುಮತಿಯನ್ನೂ ಮೊದಲೇ ವಿಚಾರಿಸಿದ್ದರು. ಕಾಂಪೌಂಡ್‌ಗೆ ಅಂಟಿಸಿ ಕಟ್ಟುವ ಹಾಗಿಲ್ಲ, ಇಷ್ಟು ಜಾಗ ಬಿಡಬೇಕು ಎಂದು ಅಲ್ಲಿ ಗೊತ್ತಾಯಿತು. ನಕ್ಷೆಯನ್ನು ಒಳಕ್ಕೆ ಸರಿಸಿದರು. ನಿಯಮ ಒಂದೊಂದು ಕಡೆ ಒಂದೊಂದು ಥರ. ಗುಂಡಿ ತೋಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಇಷ್ಟೆಲ್ಲ ಯೋಚಿಸಿದವರ ಗ್ರಾಫ್ ಹಾಳೆಯಲ್ಲಿ ಒಂದು ಕೊರತೆ ಇತ್ತು. ಎಲ್ಲವೂ ಮೇಲಿನಿಂದ ನೋಡಿದ ಚಿತ್ರ. ಪಕ್ಕದಿಂದ ನೋಡಿದ ಚಿತ್ರ, ಅಂದರೆ ಗೋಡೆ ಎಷ್ಟು ಎತ್ತರ, ಚಾವಣಿ ಯಾವ ಕಡೆ ಇಳಿಯುತ್ತದೆ ಅನ್ನುವುದು ಒಂದೂ ಇರಲಿಲ್ಲ. ಅದು ಅವರ ತಲೆಯಲ್ಲಿತ್ತು.

ಮೂರು ಕೊಟೇಶನ್, ನಾಲ್ಕನೇ ದಾರಿ

ಮೂವರಿಂದ ಕೊಟೇಶನ್ ತರಿಸಿದರು. ಒಬ್ಬರದು ಒಂದೇ ಸಾಲು: "12x16 ಶೆಡ್, ಇಳಿಜಾರು ಶೀಟ್, ಪಾಯ ಸಮೇತ." ಕೆಳಗೆ ಮೊತ್ತ. ಎರಡನೆಯವರದು ಎರಡು ಪುಟ. ಮೂರನೆಯವರದು ಅದಕ್ಕಿಂತ ದಪ್ಪ, ರೇಟೂ ಜಾಸ್ತಿ. ಎರಡನೆಯದನ್ನು 100 ಎಂದುಕೊಂಡರೆ ಮೊದಲಿನದು 68, ಮೂರನೆಯದು 125.

68ಕ್ಕೂ 100ಕ್ಕೂ ಇಷ್ಟೊಂದು ಅಂತರ ಯಾಕೆ ಎಂದು ಮೇಡಂ ಕೂತು ಲೆಕ್ಕ ಹಾಕಿದರು. ಎರಡು ಪುಟದ ಕೊಟೇಶನ್ನಿನಲ್ಲಿದ್ದ ಒಂದೊಂದು ಬಾಬ್ತನ್ನೂ ಒಂದೇ ಸಾಲಿನವರಿಗೆ ಫೋನಿನಲ್ಲಿ ಕೇಳಿದರು. ನೆಲ ಎತ್ತರಿಸಲು ಮಣ್ಣು? "ಅದು ನಿಮ್ಮದು." ಬಾಗಿಲು? "ಅದು ಬೇರೆ." ಪ್ಲಾಸ್ಟರಿಂಗ್? "ಒಳಗೆ ಮಾತ್ರ." ಸಿಮೆಂಟ್ ಗಟ್ಟಿಯಾಗಲು ದಿನಾ ನೀರು ಹಾಕುವವರು (ಕ್ಯೂರಿಂಗ್)? "ಮನೆಯವರೇ ಹಾಕ್ಕೋತಾರೆ." ಉಳಿದ ಕಲ್ಲುಮಣ್ಣು ಸಾಗಿಸುವುದು? ಅದಕ್ಕೆ ನಕ್ಕರಂತೆ. ಬಿಟ್ಟಿದ್ದನ್ನೆಲ್ಲ ಕೂಡಿಸಿದಾಗ 68 ಹೋಗಿ 92 ಆಯಿತು. ಕೊಟೇಶನ್ ಹೋಲಿಸುವುದು ಅಂದರೆ ಹೀಗೆ. ಕೆಳಗಿನ ಮೊತ್ತ ನೋಡುವುದು ಕೊನೆಯ ಕೆಲಸ. ಯಾರು ಏನನ್ನು ಬರೆದಿಲ್ಲ ಅನ್ನುವುದನ್ನು ಮೊದಲು ನೋಡಬೇಕು.

ಇಲ್ಲಿವರೆಗೆ ಎಲ್ಲ ಸರಿ. ಇಲ್ಲೇ ಮೊದಲ ತಿರುವು. ಯಜಮಾನರು ಮೂವರಲ್ಲಿ ಯಾರನ್ನೂ ಆರಿಸಲಿಲ್ಲ. "ಸಣ್ಣ ಕೆಲಸಕ್ಕೆ ಮಧ್ಯದಲ್ಲಿ ಕಂಟ್ರಾಕ್ಟರ್ ಯಾಕೆ? ಗಾರೆ ಕೆಲಸಕ್ಕೆ ಮೇಸ್ತ್ರಿ, ಚಾವಣಿಗೆ ವೆಲ್ಡಿಂಗ್‌ನವರು, ವೈರಿಂಗ್‌ಗೆ ಎಲೆಕ್ಟ್ರಿಷಿಯನ್. ಸಾಮಾನು ನಾನೇ ತರುತ್ತೇನೆ" ಎಂದರು. ಹಾಗೆ ಬಿಡಿಬಿಡಿಯಾಗಿ ಕೂಡಿಸಿದರೆ ಒಟ್ಟು 81 ಬಂತು. 19 ಉಳಿತಾಯ.

ಇದು ತಪ್ಪು ನಿರ್ಧಾರ ಎಂದು ನಾನು ಹೇಳುವುದಿಲ್ಲ. ತುಂಬ ಜನ ಹೀಗೇ ಮಾಡಿಸಿ ಚೆನ್ನಾಗಿಯೇ ಮುಗಿಸುತ್ತಾರೆ. ಆದರೆ ಆ 19ರಲ್ಲಿ ಏನಿತ್ತು ಅನ್ನುವುದನ್ನು ಅವರು ಕೇಳಿಕೊಳ್ಳಲಿಲ್ಲ. ಕಂಟ್ರಾಕ್ಟರ್‌ನ ಲಾಭ ಇತ್ತು, ಹೌದು. ಜೊತೆಗೆ ಮೇಸ್ತ್ರಿಗೂ ವೆಲ್ಡಿಂಗ್‌ನವರಿಗೂ ಮಧ್ಯೆ ಓಡಾಡಿ, "ನೀನು ಇಲ್ಲಿಗೆ ನಿಲ್ಲಿಸು, ಅವನು ಇಲ್ಲಿಂದ ಶುರು ಮಾಡ್ತಾನೆ" ಎಂದು ಹೇಳುವವನ ಕೂಲಿಯೂ ಅದರಲ್ಲೇ ಇತ್ತು. ಹಣ ಉಳಿಯಿತು, ಆ ಕೆಲಸ ಯಜಮಾನರ ಹೆಗಲಿಗೆ ಬಂತು. ಬಂದದ್ದು ಅವರಿಗೆ ಗೊತ್ತಾಗಲಿಲ್ಲ ಅಷ್ಟೇ.

ಮೇಸ್ತ್ರಿ, ವೆಲ್ಡಿಂಗ್‌ನವರು, ಎಲೆಕ್ಟ್ರಿಷಿಯನ್ ಮೂವರನ್ನೂ ಆರಿಸುವಾಗ ಅವರ ಹಳೇ ಕೆಲಸ ಹೋಗಿ ನೋಡಿದರು. ಅಲ್ಲಿಯ ಮನೆಯವರನ್ನು "ಕೆಲಸ ಹೇಗಿತ್ತು?" ಎಂದಷ್ಟೇ ಕೇಳಿದರು. ಎಲ್ಲರೂ ಚೆನ್ನಾಗಿತ್ತು ಎಂದರು. ನಾನಾಗಿದ್ದರೆ ಇನ್ನೊಂದು ಕೇಳುತ್ತಿದ್ದೆ: ಪೂರ್ತಿ ದುಡ್ಡು ಕೊಟ್ಟ ಮೇಲೆ ಫೋನ್ ಮಾಡಿದಾಗ ಬಂದರಾ?

ದಾರ ಕಟ್ಟಿದ ದಿನ

ಮೇಸ್ತ್ರಿ ಬಂದು ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟಿದರು. ಮೂಲೆಮಟ್ಟ ಹಿಡಿದು ನೋಡಿದರು, ಸರಿಯಿದೆ ಎಂದರು. ಮೇಡಂ ಟೇಪ್ ತಂದು ಮೂಲೆಯಿಂದ ಮೂಲೆಗೆ ಹಿಡಿಯಲು ಹೇಳಿದರು. 12, 16 ಇದ್ದರೆ ಮೂಲೆಯಿಂದ ಮೂಲೆಗೆ ಸರಿಯಾಗಿ 20 ಬರಬೇಕು. ಶಾಲೆಯ 3, 4, 5ರ ಲೆಕ್ಕವನ್ನೇ ನಾಲ್ಕರಿಂದ ಗುಣಿಸಿದ್ದು.

ಟೇಪಿನಲ್ಲಿ 20 ಅಡಿ 3 ಇಂಚು ಬಂತು. ಇನ್ನೊಂದು ಜೋಡಿ ಮೂಲೆ ಅಳೆದರು. 19 ಅಡಿ 9 ಇಂಚು. ಅಂದರೆ ಚೌಕ ಒಂದು ಕಡೆ ವಾಲಿದೆ. ಎರಡು ಗೂಟ ಕಿತ್ತು ಸುಮಾರು ನಾಲ್ಕಿಂಚು ಸರಿಸಿದರು, ಎರಡೂ ಕಡೆ 20 ಬಂತು. ಹತ್ತು ನಿಮಿಷದ ಕೆಲಸ. ಮೇಸ್ತ್ರಿಗೆ ಬೇಜಾರೇನೂ ಆಗಲಿಲ್ಲ. "ಮೇಡಂ ಬಿಡಲ್ಲ" ಎಂದು ನಕ್ಕರಂತೆ. ಸೊಟ್ಟಗಿನ ಕೋಣೆಗೆ ತಗಡು ಹಾಕುವವರ ಗೋಳು ನಾನು ನೋಡಿದ್ದೇನೆ. ಪ್ರತಿ ಶೀಟನ್ನೂ ಓರೆಯಾಗಿ ಕತ್ತರಿಸಬೇಕು.

ನೋಟ್‌ಬುಕ್ಕು ಶುರುವಾದದ್ದು ಅವತ್ತೇ. ಒಂದು ಕಡೆ ತಾರೀಕು, ಇನ್ನೊಂದು ಕಡೆ ಯಾರು ಏನು ಹೇಳಿದರು. ಜಗಳಕ್ಕೆ ಸಾಕ್ಷಿ ಬೇಕು ಅಂತೇನಲ್ಲ, ಮರೆತುಹೋಗುತ್ತದೆ ಅಂತ ಬರೆದಿದ್ದು ಎಂದರು ಮೇಡಂ. ಅದರಲ್ಲಿ ಒಂದು ಸಾಲು ಹೀಗಿತ್ತು: "ಗೋಡೆ ಎತ್ತರ: ಮೇಸ್ತ್ರಿ ವೆಲ್ಡಿಂಗ್‌ನವರನ್ನ ಕೇಳ್ಕೊಂಡು ಮಾಡ್ತಾರಂತೆ." ಈ ಸಾಲು ಆಮೇಲೆ ಕೆಲಸಕ್ಕೆ ಬಂತು.

ಕಾಂಕ್ರೀಟ್ ಹಾಕಿದ ದಿನ

ಪಾಯ, ಮಣ್ಣು ತುಂಬಿಸುವುದು, ಎಲ್ಲ ಸಲೀಸಾಗಿ ನಡೆಯಿತು. ಹಿತ್ತಲು ತಗ್ಗಿದ್ದರಿಂದ ನೆಲವನ್ನು ಒಂದಡಿ ಎತ್ತರಿಸಿದರು. ಮಣ್ಣನ್ನು ಒಮ್ಮೆಲೇ ಸುರಿಯದೆ ಅರ್ಧರ್ಧ ಅಡಿ ಹಾಕಿ, ನೀರು ಚಿಮುಕಿಸಿ ದಮ್ಮಸ್ ಮಾಡಿಸಿದರು. ಮೇಲೆ ಪ್ಲಾಸ್ಟಿಕ್ ಶೀಟ್ ಹಾಸಿದರು. ಇಲ್ಲದಿದ್ದರೆ ನೆಲದ ತೇವ ಮೇಲೇರಿ ಗರಗಸದ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅದರ ಮೇಲೆ ಕಬ್ಬಿಣದ ಜಾಲರಿ. 4 ಇಂಚು ಕಾಂಕ್ರೀಟ್.

ಅವತ್ತು ಬೆಳಿಗ್ಗೆ ಮಿಕ್ಸರ್ ಬಂದು ನಿಂತಿತ್ತು. ಏಳು ಜನ ಆಳು. ಮೇಸ್ತ್ರಿ ಕೇಳಿದರು: "ಸಾರ್, ನೆಲದಲ್ಲಿ ಪೈಪು ಏನಾದ್ರೂ ಬಿಡಬೇಕಾ?"

ಒಳ್ಳೆಯ ಪ್ರಶ್ನೆ. ಮೇಸ್ತ್ರಿ ಕೇಳದೆಯೂ ಇರಬಹುದಿತ್ತು. ಯಜಮಾನರು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು. ಅವರು ಇನ್ನೆಲ್ಲೋ ಏಣಿ ಮೇಲಿದ್ದರು. "ಬೇಡ ಸಾರ್, ಗೋಡೆ ಮೇಲೆ ತಗೊಂಡ್ರಾಯ್ತು" ಎಂದರು. ಗರಗಸ ಕೋಣೆಯ ನಡುವೆ ನಿಲ್ಲುತ್ತದೆ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಅವರ ಕೆಲಸ ಕೊನೆಗೆ ಅಲ್ವಾ, ಹಾಗಾಗಿ ಅವರನ್ನು ಸೈಟಿಗೆ ಇನ್ನೂ ಕರೆದೇ ಇರಲಿಲ್ಲ. ಯಜಮಾನರಿಗೂ ಆ ಗಡಿಬಿಡಿಯಲ್ಲಿ ಹೇಳಲು ಹೊಳೆಯಲಿಲ್ಲ. "ಹಾಕಿ" ಎಂದರು.

ಕಾಂಕ್ರೀಟನ್ನು ಇನ್ನೊಂದು ದಿನಕ್ಕೆ ಮುಂದೂಡಬೇಕಿತ್ತಾ ಎಂದು ಆಮೇಲೆ ನನ್ನನ್ನು ಕೇಳಿದರು. ಬೇಕಿರಲಿಲ್ಲ. ಗೋಡೆಯ ಬುಡದಿಂದ ಗರಗಸದ ಜಾಗಕ್ಕೆ ಒಂದು ಖಾಲಿ ಪೈಪು ಮಲಗಿಸಿ, ಎರಡೂ ಬಾಯಿಗೆ ಬಟ್ಟೆ ತುರುಕಿದ್ದರೆ ಸಾಕಿತ್ತು. ಬಳಸಿದರೆ ಬಳಸಿದ ಹಾಗೆ, ಇಲ್ಲದಿದ್ದರೆ ಮಣ್ಣಲ್ಲಿ ಇರಲಿ. ಅನುಮಾನ ಬಂದಾಗ ಖಾಲಿ ಪೈಪು ಹಾಕಿಬಿಡಬೇಕು, ಕಾಂಕ್ರೀಟ್ ಒಡೆಯುವುದರ ಮುಂದೆ ಅದು ಏನೂ ಅಲ್ಲ.

ಇನ್ನೊಂದನ್ನೂ ಯಾರೂ ಗಮನಿಸಲಿಲ್ಲ. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ. 4 ಇಂಚು ದಪ್ಪದ ನೆಲಕ್ಕೆ 8ರಿಂದ 12 ಅಡಿಗೊಂದು ಜಾಯಿಂಟ್ ಬೇಕು. ಮೊದಲ ದಿನವೇ ದಪ್ಪದ ಕಾಲು ಭಾಗದಷ್ಟು, ಅಂದರೆ 1 ಇಂಚು ಆಳ, ಕಟರ್‌ನಲ್ಲಿ ಗೆರೆ ಹೊಡೆದುಬಿಟ್ಟರೆ ಬಿರುಕು ಆ ಗೆರೆಯಲ್ಲೇ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. 16 ಅಡಿ ಉದ್ದಕ್ಕೆ ನಡುವೆ ಒಂದು ಗೆರೆ ಬೇಕಿತ್ತು. ಹೊಡೆಯಲಿಲ್ಲ. ಮೂರು ವಾರಕ್ಕೆ ನೆಲವೇ ತನಗೆ ಬೇಕಾದ ಕಡೆ ಗೆರೆ ಹೊಡೆದುಕೊಂಡಿತು. ಕೂದಲೆಳೆಯ ಬಿರುಕು, ಹೆಚ್ಚುಕಡಿಮೆ ನಡುವಿನಲ್ಲಿ, ಈ ಗೋಡೆಯಿಂದ ಆ ಗೋಡೆಗೆ. ಯಜಮಾನರು ಹೌಹಾರಿದರು. ನೆಲದ ಬಲಕ್ಕೆ ಅದರಿಂದ ಏನೂ ಆಗಿರಲಿಲ್ಲ.

"ಇಳಿಜಾರು ಎಲ್ಲಿ?"

ಈಗ ಮುಖ್ಯ ವಿಷಯ. ಮೇಸ್ತ್ರಿ ಗೋಡೆ ಮುಗಿಸಿದರು. ನಾಲ್ಕೂ ಕಡೆ ಸಮ, 9 ಅಡಿ. ನಾನು ಆಮೇಲೆ ನೀರುಮಟ್ಟದ ಪೈಪು ಹಿಡಿದು ನೋಡಿದೆ. ನಾಲ್ಕು ಮೂಲೆಯಲ್ಲೂ ಕಾಲಿಂಚಿನ ವ್ಯತ್ಯಾಸ ಇಲ್ಲ. ಅಷ್ಟು ಚೊಕ್ಕ ಕೆಲಸ. ದುಡ್ಡನ್ನು ವಾರಕ್ಕೊಮ್ಮೆ ಕೊಡುತ್ತಿದ್ದರು. ಗೋಡೆ ಮುಗಿಯುವ ಹೊತ್ತಿಗೆ ಮೇಸ್ತ್ರಿಗೆ ಮಾತಾಡಿದ ಹಣದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೋಗಿತ್ತು. ಅವರು ಇನ್ನೊಂದು ಸೈಟಿಗೆ ಹೊರಟರು.

ವೆಲ್ಡಿಂಗ್‌ನವರು ಕಬ್ಬಿಣ ಇಳಿಸಿ, ಏಣಿ ಹತ್ತಿ, ಸುತ್ತ ನೋಡಿ, ಇಳಿದು ಬಂದು ಕೇಳಿದರು: "ಸಾರ್, ಇಳಿಜಾರು ಎಲ್ಲಿ?"

ಒಂದು ಕಡೆ ಗೋಡೆ ಎತ್ತರ ಇರುತ್ತದೆ, ತಾವು ಅದರ ಮೇಲೆ ಪರ್ಲಿನ್ (ಶೀಟನ್ನು ಹೊರುವ ಕಬ್ಬಿಣದ ಅಡ್ಡಪಟ್ಟಿ) ಮಲಗಿಸಿ ಶೀಟ್ ಹಾಕುವುದು ಎಂದು ಅವರು ಲೆಕ್ಕ ಹಾಕಿದ್ದರು. ಅವರ ರೇಟಿನಲ್ಲಿ ಕಂಬವಿಲ್ಲ, ಟ್ರಸ್ (ಚಾವಣಿ ಹೊರುವ ತ್ರಿಕೋನದ ಚೌಕಟ್ಟು) ಇಲ್ಲ. ಮೇಸ್ತ್ರಿಗೆ ಫೋನ್ ಮಾಡಿದರೆ, "ಶೀಟಿನ ಇಳಿಜಾರು ಅವರೇ ಕಬ್ಬಿಣದಲ್ಲಿ ಕೊಡ್ತಾರೆ ಅಂದ್ಕೊಂಡೆ, ಎಲ್ಲ ಕಡೆ ಹಾಗೇ ಮಾಡೋದು" ಎಂದರು. ಇಬ್ಬರ ಮಾತೂ ಸುಳ್ಳಲ್ಲ. ಎರಡೂ ಥರ ಮಾಡುತ್ತಾರೆ. ಈ ಥರದ ಚಾವಣಿಗೆ 10 ಡಿಗ್ರಿ ಇಳಿಜಾರು ಇಟ್ಟುಕೊಂಡರೆ 12 ಅಡಿ ಅಗಲಕ್ಕೆ ಎರಡಡಿ ಎತ್ತರದ ವ್ಯತ್ಯಾಸ ಬೇಕು. ಆ ಎರಡಡಿ ಯಾರ ಲೆಕ್ಕದಲ್ಲೂ ಇರಲಿಲ್ಲ.

ಎರಡನೇ ತೊಂದರೆ ಇದರ ಬೆನ್ನಿಗೇ ಬಂತು. ಕಬ್ಬಿಣವನ್ನು ಗೋಡೆಗೆ ಕಟ್ಟುವುದು ಹೇಗೆ? ಬೋಲ್ಟ್ ಬಿಟ್ಟಿರಲಿಲ್ಲ. ಗೋಡೆಯ ತುದಿಯಲ್ಲಿ ಕಾಂಕ್ರೀಟ್ ಬೆಲ್ಟ್, ಅಂದರೆ ಸುತ್ತಲೂ ಹೋಗುವ ಕಾಂಕ್ರೀಟ್ ಪಟ್ಟಿ ಇರಲಿಲ್ಲ, ಬರೀ ಬ್ಲಾಕಿನ ಕೊನೆಯ ವರಸೆ. ತಗಡಿನ ಚಾವಣಿ ಹಗುರ. ಅದು ಬೀಳುತ್ತದೆ ಅನ್ನುವ ಭಯಕ್ಕಿಂತ ಹಾರುತ್ತದೆ ಅನ್ನುವ ಭಯ ಜಾಸ್ತಿ ಇರಬೇಕು. ಗಾಳಿ ಬೀಸಿದಾಗ ಶೀಟನ್ನು ಮೇಲಕ್ಕೆ ಎಳೆಯುತ್ತದೆ. ಆ ಎಳೆತಕ್ಕೆ ಮೇಲಿನ ಒಂದು ವರಸೆ ಬ್ಲಾಕು ಸಾಲದು.

ಹನ್ನೆರಡು ದಿನ ಫೋನಿನಲ್ಲೇ ಹೋಯಿತು. ಯಜಮಾನರು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುತ್ತಿದ್ದರು. ಮುಟ್ಟಿಸುವಾಗ ಮಾತು ಸ್ವಲ್ಪ ಸ್ವಲ್ಪ ಖಾರವಾಗುತ್ತದೆ, ಗೊತ್ತಲ್ಲ. ಮೇಸ್ತ್ರಿ ಫೋನ್ ಎತ್ತುವುದನ್ನು ಬಿಟ್ಟರು. ನನ್ನನ್ನು ಕರೆದದ್ದು ಆಗ.

ನಾನು ಮಾಡಿದ್ದು ದೊಡ್ಡದೇನಲ್ಲ. ಮೂವರನ್ನೂ ಒಂದೇ ಹೊತ್ತಿಗೆ ಸೈಟಿಗೆ ಕರೆಸಿದೆ. ಎಂಟು ವಾರದಲ್ಲಿ ಆ ಮೂವರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ! ಗೋಡೆಯ ಮೇಲೇ ಸೀಮೆಸುಣ್ಣದಲ್ಲಿ ಪಕ್ಕದ ಚಿತ್ರ ಬರೆದೆ. ಮೊದಲ ದಿನ ಬರೆದಿರಬೇಕಾಗಿದ್ದ ಚಿತ್ರ.

ಎರಡು ದಾರಿ ಇತ್ತು. ಒಂದು, ಒಂದು ಕಡೆ ಗೋಡೆಯನ್ನು ಬ್ಲಾಕಿನಲ್ಲೇ ಎರಡಡಿ ಎತ್ತರಿಸಿ, ಅಕ್ಕಪಕ್ಕದ ಗೋಡೆಗಳಿಗೆ ಮೇಲೆ ಓರೆ ತ್ರಿಕೋನ ಕಟ್ಟುವುದು. ಇನ್ನೊಂದು, ಗೋಡೆಯ ಸುತ್ತ ಕಂಬಿ ಹಾಕಿ ಬೆಲ್ಟ್ ಕಾಂಕ್ರೀಟ್ ಕೊಟ್ಟು, ಅದರಲ್ಲೇ ಬೋಲ್ಟ್ ಹುದುಗಿಸಿ, ಎತ್ತರದ ಕಡೆ ಎರಡಡಿಯ ಕಬ್ಬಿಣದ ಗಿಡ್ಡ ಕಂಬ ನಿಲ್ಲಿಸುವುದು. ಮೊದಲಿನದರಲ್ಲೂ ಬೆಲ್ಟ್ ಬೇಕೇ ಬೇಕು. ಬೆಲ್ಟ್ ಹೇಗೂ ಹಾಕುತ್ತೇವೆ ಅಂದ ಮೇಲೆ ಕಂಬವೇ ವಾಸಿ ಅನ್ನಿಸಿತು. ಎತ್ತರದ ಕಡೆ ಉಳಿಯುವ ಎರಡಡಿ ಸಂದಿಗೆ ಅರೆಪಾರದರ್ಶಕ ಶೀಟ್ ಹಾಕಿದರೆ ಒಳಗೆ ಮೇಲಿನಿಂದ ಬೆಳಕು. ಮರಗೆಲಸಕ್ಕೆ ಮೇಲಿನ ಬೆಳಕಿಗಿಂತ ಬೇರೆ ಏನು ಬೇಕು? ಇದನ್ನು ಹೇಳಿದ್ದು ವೆಲ್ಡಿಂಗ್‌ನವರು, ನಾನಲ್ಲ.

ಇನ್ನು ಖರ್ಚು ಯಾರದು? ಇಲ್ಲಿ ನೋಟ್‌ಬುಕ್ಕು ಹೊರಬಂತು. ಮೇಡಂ ಆ ಸಾಲನ್ನು ಓದಲಿಲ್ಲ. ಪುಟ ತೆರೆದು ಮೇಸ್ತ್ರಿಯ ಮುಂದೆ ಹಿಡಿದರು ಅಷ್ಟೇ. ಅವರು ನೋಡಿದರು. ತಲೆ ಕೆರೆದುಕೊಂಡರು. "ಹೇಳಿದ್ದೆ, ಹೌದು. ಮರೆತೆ" ಎಂದರು. ಯಜಮಾನರೂ ಅಲ್ಲೇ, ಚಿತ್ರ ಕೊಡದೆ ಇದ್ದದ್ದು ತಮ್ಮ ತಪ್ಪು ಎಂದು ಒಪ್ಪಿಕೊಂಡರು. ಆ ಒಂದು ಮಾತು ಆಡದಿದ್ದರೆ ಮೇಸ್ತ್ರಿ ಎದ್ದು ಹೋಗುತ್ತಿದ್ದರೋ ಏನೋ. ಬೆಲ್ಟಿನ ಕೂಲಿ ಮೇಸ್ತ್ರಿಯದು, ಸಾಮಾನು ಯಜಮಾನರದು, ಕಂಬದ ಕಬ್ಬಿಣ ಯಜಮಾನರದು, ವೆಲ್ಡಿಂಗ್ ಕೂಲಿ ಅರ್ಧರ್ಧ. ಹೀಗೆ ಹಂಚಿಕೊಂಡರು. ಮೇಸ್ತ್ರಿಗೆ ಬಾಕಿ ಇದ್ದದ್ದು ಹತ್ತರಲ್ಲಿ ಒಂದು ಪಾಲು ಮಾತ್ರ. ದುಡ್ಡಿನ ಬಲದಿಂದ ಅವರನ್ನು ವಾಪಸ್ ಕರೆಸಲು ಆಗುತ್ತಿರಲಿಲ್ಲ. ಅವರು ಬಂದದ್ದು ಅವರ ದೊಡ್ಡತನ. ಎಲ್ಲ ಸಲ ಅಂಥವರೇ ಸಿಗುವುದಿಲ್ಲ.

ಕರೆಂಟಿನ ಲೆಕ್ಕ

ಅದೇ ದಿನ ಎಲೆಕ್ಟ್ರಿಷಿಯನ್ ಮೊದಲ ಸಲ ಗರಗಸದ ಜಾಗ ನೋಡಿದರು. "ಇದಕ್ಕೆ ನೆಲದಲ್ಲಿ ಪೈಪು ಬೇಕಿತ್ತಲ್ಲ" ಎಂದರು. ಯಾರೂ ಏನೂ ಹೇಳಲಿಲ್ಲ.

ವೈರನ್ನು ಚಾವಣಿಯಿಂದ ಇಳಿಬಿಡಬಹುದಿತ್ತು. ಆದರೆ 8 ಅಡಿ ಶೀಟನ್ನು ಒಳಗೆ ತಿರುಗಿಸುವಾಗ ಅದು ಅಡ್ಡ ಬರುತ್ತದೆ. ನೆಲ ಕೊರೆಯಲೇಬೇಕು. ಆಗ ಆ ಬಿರುಕು ನೆನಪಾಯಿತು. ಗೋಡೆಯಿಂದ ಹೊರಟು ಅದು ಗರಗಸದ ಬುಡದ ಪಕ್ಕವೇ ಹಾದುಹೋಗುತ್ತಿತ್ತು. ಬಿರುಕಿನ ಗುಂಟವೇ, ಜಾಲರಿಗೆ ತಾಗದಷ್ಟು ಆಳ ಗ್ರೂವ್ ಹೊಡೆದು ಪೈಪು ಕೂರಿಸಿದೆವು. ಮೇಲೆ ಸ್ವಲ್ಪ ಎಳೆದರೂ ಬಿಡದಂಥ ಫಿಲ್ಲರ್ ತುಂಬಿಸಿದೆವು. ಎರಡು ತಪ್ಪು ಸೇರಿ ಒಂದು ಸರಿ ಆದದ್ದನ್ನು ನಾನು ನೋಡಿದ್ದು ಇದೊಂದೇ ಸಲ.

ಮೇನ್ ಬೋರ್ಡಿನಿಂದ ವರ್ಕ್‌ಶಾಪಿಗೆ 30 ಮೀಟರ್. ಎಲೆಕ್ಟ್ರಿಷಿಯನ್ 2.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಸಾಕು ಎಂದಿದ್ದರು. ಓಡುವಾಗಿನ ಲೋಡಿಗೆ ಅದು ಸಾಕು. ಆದರೆ ಮೋಟರ್ ಶುರುವಾಗುವ ಕ್ಷಣದ ಮಾತು ಬೇರೆ. 3 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ 230 ವೋಲ್ಟಿನಲ್ಲಿ ಸುಮಾರು 15 ಆಂಪಿಯರ್ ಎಳೆದರೆ, ಶುರುವಾಗುವಾಗ ಐದಾರು ಪಟ್ಟು ಎಳೆಯುತ್ತದೆ. 90 ಆಂಪಿಯರ್ ಎಂದಿಟ್ಟುಕೊಳ್ಳಿ. 2.5ರ ಕೇಬಲ್ಲಿನಲ್ಲಿ ಹೋಗಿಬರುವ 60 ಮೀಟರಿಗೆ ಸುಮಾರು 40 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 6ರ ಕೇಬಲ್ ಆದರೆ 17. ಮೋಟರ್ ಗೊಂಯ್ ಎಂದು ಏಳಲು ಒದ್ದಾಡುವುದಕ್ಕೂ, ಪಟ್ ಎಂದು ಏಳುವುದಕ್ಕೂ ಇದೇ ವ್ಯತ್ಯಾಸ. ಲೆಕ್ಕ ತೋರಿಸಿದ ಮೇಲೆ ಅವರೇ 6 ಹಾಕೋಣ ಎಂದರು.

ಇನ್ನೊಂದು ಅವರದೇ ಸಲಹೆ, ಚಿನ್ನದಂಥದ್ದು. ಲೈಟಿಗೆ ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್), ಮೆಷಿನ್‌ಗೆ ಬೇರೆ. ಗರಗಸದ ಲೋಡಿಗೆ ಟ್ರಿಪ್ ಆದರೆ ಲೈಟೂ ಹೋಗಬಾರದು. ಕರೆಂಟ್ ಹೋದರೂ ಬ್ಲೇಡ್ ಇನ್ನೂ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ, ಅದರ ಮುಂದೆ ಕತ್ತಲಲ್ಲಿ ಕೈ ಇಟ್ಟುಕೊಂಡು ನಿಲ್ಲುವುದು ಯಾರಿಗೂ ಬೇಡ. ಸಾಕೆಟ್‌ಗಳಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಆಫ್ ಆಗುವ ಸ್ವಿಚ್), ಸರಿಯಾದ ಅರ್ಥಿಂಗ್, ಹೊರಗೆ ನೆಲದಡಿ ಆರ್ಮರ್ಡ್ ಕೇಬಲ್, ಅಂದರೆ ಲೋಹದ ಕವಚ ಇರುವುದು.

ಏನಾಯಿತು, ಏನು ಬದಲಾಯಿಸುತ್ತಿದ್ದೆವು

ಕೊನೆಗೆ ಖರ್ಚು 98. ಎರಡು ಪುಟದ ಕೊಟೇಶನ್ನಿಗಿಂತ 2 ಕಮ್ಮಿ. ಸಮಯ ಹದಿನೈದು ವಾರ. ಆ 2ಕ್ಕಾಗಿ ಒಂಬತ್ತು ವಾರ ಜಾಸ್ತಿ ಅಲೆದೆ ಎಂದು ಯಜಮಾನರು ಈಗ ನಗುತ್ತಾರೆ. ಆಗ ನಗುತ್ತಿರಲಿಲ್ಲ.

ಮತ್ತೊಮ್ಮೆ ಕಟ್ಟಿಸುವುದಾದರೆ ಒಬ್ಬರಿಗೇ ಕೊಡುತ್ತೀರಾ ಎಂದು ಕೇಳಿದೆ. ಇಲ್ಲವಂತೆ. ಈಗಲೂ ಬಿಡಿಬಿಡಿಯಾಗೇ ಕೊಡುತ್ತಾರಂತೆ. ಆದರೆ ಕೆಲಸ ಶುರುವಾಗುವ ಮೊದಲೇ ಮೂವರನ್ನೂ ಒಂದು ಗಂಟೆ ಒಟ್ಟಿಗೆ ನಿಲ್ಲಿಸುತ್ತಾರಂತೆ, ಆ ಗಂಟೆಗೆ ಕೂಲಿ ಕೊಟ್ಟಾದರೂ ಸರಿ. ನಾನೂ ಅದನ್ನೇ ಹೇಳುತ್ತೇನೆ. ಅವರ ಕೈಯಲ್ಲಿ ಮೇಲಿನ ಚಿತ್ರದ ಜೊತೆ ಪಕ್ಕದ ಚಿತ್ರವೂ ಇರಬೇಕು. ಆ ಚಿತ್ರದ ಮೇಲೆ ಒಬ್ಬರ ಕೆಲಸ ಮುಗಿದು ಇನ್ನೊಬ್ಬರದು ಶುರುವಾಗುವ ಕಡೆಗೆಲ್ಲ ಬೆರಳಿಟ್ಟು "ಇದು ಯಾರು?" ಎಂದು ಕೇಳುತ್ತ ಹೋಗಬೇಕು. ಬೋಲ್ಟ್ ಯಾರು? ಬೆಲ್ಟ್ ಯಾರು? ಗೋಡೆಗೂ ಶೀಟಿಗೂ ನಡುವಿನ ಸಂದಿ ಮುಚ್ಚುವುದು ಯಾರು? ಪೈಪು ಹೋಗುವ ತೂತು ಯಾರು? "ನೋಡ್ಕೊಳ್ಳೋಣ ಸಾರ್" ಅನ್ನುವ ಉತ್ತರ ಬಂದ ಕಡೆ ಪೆನ್ನಿನಲ್ಲಿ ಸುತ್ತು ಹಾಕಿ. ಆ ಕೆಲಸ ಸದ್ಯಕ್ಕೆ ನಿಮ್ಮದು.

ಹಣದ ವಿಷಯದಲ್ಲಿ ವಾರದ ಲೆಕ್ಕ ಬೇಡ, ಹಂತದ ಲೆಕ್ಕ ಇರಲಿ ಎಂದು ಒಪ್ಪಿಕೊಂಡರು. ಒಬ್ಬರಿಗೇ ಪೂರ್ತಿ ಕೊಡುವುದಾದರೆ ನಾನು ಸಾಮಾನ್ಯವಾಗಿ ಹೀಗೆ ಹೇಳುತ್ತೇನೆ: ಶುರುವಿಗೆ 10 ಪಾಲು, ನೆಲ ಮುಗಿದಾಗ 25, ಗೋಡೆ ಮುಗಿದಾಗ 25, ಚಾವಣಿ ಮುಗಿದಾಗ 25, ಎಲ್ಲ ಮುಗಿದಾಗ 10. ಉಳಿದ 5 ಕೈಯಲ್ಲೇ. "ಗೋಡೆ ಮುಗಿಯಿತು" ಅಂದರೆ ಏನು ಅನ್ನುವುದನ್ನೂ ಬರೆದಿಡಬೇಕು. ಇಲ್ಲಿ ಮೇಸ್ತ್ರಿಯ ಪಾಲಿಗೆ ಗೋಡೆ ಮುಗಿದೇ ಇತ್ತು.

ಕೆಲಸದವರಿಗೆ ದಿನದ ಖರ್ಚಿಗೆ ದುಡ್ಡು ಬೇಕಾಗುತ್ತದೆ, ಹಂತ ಮುಗಿಯುವವರೆಗೆ ಕಾಯಲು ಆಗುವುದಿಲ್ಲ ಎಂದು ಮೇಡಂ ಒಂದು ಮಾತು ಹೇಳಿದರು. ಅದೂ ನಿಜ. ಅದಕ್ಕೆ ಹಂತಗಳನ್ನು ಚಿಕ್ಕದು ಮಾಡಿಕೊಳ್ಳಬಹುದು. ಗೋಡೆಯನ್ನೇ ಲಿಂಟಲ್, ಅಂದರೆ ಬಾಗಿಲ ಮೇಲಿನ ಅಡ್ಡತೊಲೆಯವರೆಗೆ ಒಂದು, ಮೇಲಕ್ಕೆ ಒಂದು ಎಂದು ಎರಡು ಮಾಡಿದರಾಯಿತು.

ಚಾವಣಿಯ ಹಣದಲ್ಲಿ ಮಾತ್ರ ಆ 5 ಪಾಲು ಹಿಡಿದಿಟ್ಟುಕೊಂಡಿದ್ದರು, ಮೊದಲ ಮಳೆಯವರೆಗೆ ಎಂದು ಮೊದಲೇ ಹೇಳಿ. ಮಳೆ ಬಂತು. ಬೆಂಚಿನ ಮೇಲೆ ಒಂದು ಕಡೆ ಹನಿ. ವೆಲ್ಡಿಂಗ್‌ನವರು ಮಾರನೇ ದಿನವೇ ಬಂದರು. ಒಂದು ಸ್ಕ್ರೂ ಪರ್ಲಿನ್ ತಪ್ಪಿ ಬರೀ ಶೀಟಿಗೆ ಹೋಗಿತ್ತು, ಹಿಡಿತವಿಲ್ಲದೆ ರಬ್ಬರ್ ವಾಷರ್ ಸಡಿಲಾಗಿತ್ತು. ತೂತು ಮುಚ್ಚಿ, ಪಕ್ಕದಲ್ಲಿ ಪರ್ಲಿನ್ ಇರುವ ಕಡೆ, ಶೀಟಿನ ಏರಿನ ಮೇಲೆ ಹೊಸದು ಹಾಕಿದರು. ಬಾಕಿ ಇಸ್ಕೊಂಡು ಹೋದರು.

ನೋಟ್‌ಬುಕ್ಕಿನ ಕೊನೆಯ ಪುಟ ಮೇಡಂ ನನಗೆ ತೋರಿಸಿದರು. "ಶೀಟಿನವರ ಬಾಕಿ ಕೊಟ್ಟಾಯ್ತು. ಸ್ಕ್ರೂ ಬದಲಾಯಿಸಿದರು." ಅದರ ಕೆಳಗೆ: "ಬಾಗಿಲಿನ ಚಿಲಕ ಯಾರು?" ಅದರ ಪಕ್ಕ ಬೇರೆ ಪೆನ್ನಿನಲ್ಲಿ, ಯಜಮಾನರ ಅಕ್ಷರದಲ್ಲಿ: "ನಾನೇ."